ಮೂರನೇ ಸಾಲಿನ ಗುಂಡಿಯ ಸಾಲಿಗ್ರಾಮ

ಬಾಳೂರು
೧೪ ಮೇ ೧೯೯೮

ಚಿ. ವಾರಿಜಳಿಗೆ ಅಮ್ಮನ ಆಶೀರ್ವಾದ.

ಜೂನ್ ಮೊದಲ ವಾರ ಧಾರವಾಡಕ್ಕೆ ಬರುತ್ತೇನೆ ಅಂತ ಬರೆದಿದ್ದೆನಲ್ಲ, ಅದನ್ನು ಸದ್ಯಕ್ಕೆ ಮರೆತುಬಿಡು. ಸಿಟ್ಟಾಗುವ ಮೊದಲು ಪೂರ್ತಿ ಓದು ಮಾರಾಯ್ತಿ. ನನಗೇ ತಲೆ ಚಿಟ್ಟು ಹಿಡಿದು ಹೋಗಿದೆ.

ಕೆಳಗಿನ ಅರ್ಧ ಎಕರೆಯ ಹಳೇ ಕಾಫಿ ಗಿಡ ಕಿತ್ತು ಹೊಸದು ಹಾಕಲು ಗುಂಡಿ ತೆಗೆಸುತ್ತಿದ್ದೆ. ಹಾಲುವಾಣದ ಮರ ಇರುವ ಮೂಲೆ ಮಾತ್ರ ಮುಟ್ಟಬೇಡ ಅಂತ ಮೇಸ್ತ್ರಿ ಶೇಷಪ್ಪನಿಗೆ ಮೂರು ಸಲ ಹೇಳಿದ್ದೆ. ಹೇಳಿ ಕೊಟ್ಟಿಗೆಹಾರಕ್ಕೆ ಸಾಮಾನು ತರಲು ಹೋದೆ. ಬರುವಷ್ಟರಲ್ಲಿ ಆ ಪುಣ್ಯಾತ್ಮ ಹಗ್ಗ ಹಿಡಿದು, ಸಾಲು ಸೊಟ್ಟ ಆಗ್ತದೆ ಅಮ್ಮಾ ಅಂತ ಮೂರನೇ ಸಾಲನ್ನು ಮೂಲೆಯವರೆಗೂ ಎಳೆಸಿಬಿಟ್ಟಿದ್ದ. ಅಲ್ಲಿ ಪಾಪಮ್ಮನ ಪಿಕಾಸಿ ಒಂದು ಕಲ್ಲಿಗೆ ಬಿದ್ದು ಅದು ಹೋಳಾಯಿತು. ಹೋಳಿನ ಒಳಗೆ ಸುರುಳಿ ಸುರುಳಿಯಾಗಿ ಚಕ್ರ. ಪಾಪಮ್ಮ ಪಿಕಾಸಿ ಅಲ್ಲೇ ಎಸೆದು ಕೈಮುಗಿದಳಂತೆ. ನಾನು ಬಂದು ನೋಡುತ್ತೇನೆ, ಆಗಲೇ ನಿನ್ನ ದೊಡ್ಡಪ್ಪ ಸುಬ್ಬಣ್ಣನವರು ಮಡಿ ಪಂಚೆ ಉಟ್ಟು ಗುಂಡಿಯ ಪಕ್ಕ ನಿಂತಿದ್ದಾರೆ. ಸುದರ್ಶನ ಚಕ್ರ, ತಾನಾಗಿ ಉದ್ಭವಿಸಿದೆ ಅನ್ನುತ್ತಾರೆ.

ನಿನ್ನ ಮಗಳು ಕಲ್ಲಿನ ವಿದ್ಯೆ ಓದಿದವಳಲ್ಲವಾ, ಕೇಳು ಅಂತ ಅವರೇ ಕಲ್ಲಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಗುರುತು ತೆಗೆದು ಕೊಟ್ಟಿದ್ದಾರೆ. ಇದರ ಜೊತೆ ಇಟ್ಟಿದ್ದೇನೆ. ಏನೋ ಒಂದು ಕಲ್ಲು, ದೊಡ್ಡ ವಿಷಯವಲ್ಲ ಅಂತ ಎರಡು ಸಾಲು ಬರೆದು ಮುಗಿಸು. ಜಾಸ್ತಿ ವಿವರ ಬೇಡ.

ಫೋನ್ ಮಾಡಬೇಡ. ಫೋನ್ ಇರುವುದು ಅವರ ಜಗುಲಿಯಲ್ಲಿ. ಅಲ್ಲಿ ಆಡಿದ ಮಾತು ನಾನು ಮನೆ ತಲುಪುವ ಮೊದಲು ಊರು ತಲುಪುತ್ತದೆ.

ಇಂತಿ,
ಅಮ್ಮ


ಧಾರವಾಡ
೨೨ ಮೇ ೧೯೯೮

ಅಮ್ಮನಿಗೆ ವಾರಿಜಳ ನಮಸ್ಕಾರ.

ಎರಡು ಸಾಲಿನಲ್ಲಿ ಮುಗಿಸು ಅಂದಿದ್ದೀಯ. ಆಗುವುದಿಲ್ಲ. ಆ ಪೆನ್ಸಿಲ್ ಗುರುತು ನೋಡಿ ಎರಡು ದಿನದಿಂದ ನಿದ್ದೆ ಬಂದಿಲ್ಲ.

ಅದು ಅಮೋನೈಟ್. ಸಮುದ್ರದಲ್ಲಿ ಬದುಕಿದ್ದ ಒಂದು ಪ್ರಾಣಿಯ ಚಿಪ್ಪು. ಸುರುಳಿಯೊಳಗೆ ಅಡ್ಡ ಗೋಡೆಗಳಿವೆ, ನೋಡು, ಒಂದೊಂದೂ ಒಂದು ಕೋಣೆ. ಪ್ರಾಣಿ ಇರುತ್ತಿದ್ದದ್ದು ಕಡೆಯ ಕೋಣೆಯಲ್ಲಿ ಮಾತ್ರ. ಬೆಳೆದ ಹಾಗೆಲ್ಲ ಹಿಂದಿನದನ್ನು ಮುಚ್ಚಿ ಮುಂದೆ ಹೋಗುತ್ತಿತ್ತು. ಮುಚ್ಚಿದ ಕೋಣೆಗಳಲ್ಲಿ ಗಾಳಿ, ಅದರಿಂದ ತೇಲುತ್ತಿತ್ತು. ಇವುಗಳಲ್ಲಿ ಸಾವಿರಾರು ಜಾತಿ. ಒಂದೊಂದು ಜಾತಿಯೂ ಸ್ವಲ್ಪ ಕಾಲ ಮಾತ್ರ ಬದುಕಿ ಅಳಿಯಿತು. ಹಾಗಾಗಿ ಯಾವ ಬಂಡೆಯಲ್ಲಿ ಯಾವ ಜಾತಿ ಸಿಕ್ಕಿತು ಅಂತ ನೋಡಿದರೆ ಆ ಬಂಡೆ ಯಾವ ಕಾಲದ್ದು ಅಂತ ಹೇಳಬಹುದು. ನಮಗೆ ಅದೇ ಕ್ಯಾಲೆಂಡರ್. ಹಿಮಾಲಯದ ನೆತ್ತಿಯ ಮೇಲೂ ಇವು ಸಿಗುತ್ತವೆ. ಒಂದು ಕಾಲಕ್ಕೆ ಅಲ್ಲಿ ಸಮುದ್ರವಿತ್ತು ಅನ್ನುವುದಕ್ಕೆ ಇವೇ ಸಾಕ್ಷಿ. ನಿನ್ನ ಗುಂಡಿಯದು ಹೆಚ್ಚುಕಡಿಮೆ ಹದಿನೈದು ಕೋಟಿ ವರ್ಷದ್ದಿರಬೇಕು.

ತಮಾಷೆ ಏನು ಗೊತ್ತಾ? ನೇಪಾಳದ ಗಂಡಕಿ ನದಿಯ ಸಾಲಿಗ್ರಾಮದ ಒಳಗಿರುವುದೂ ಇದೇ ಪ್ರಾಣಿ. ನಮ್ಮ ಮನೆಯದನ್ನು ಯಾರೂ ಒಡೆದು ನೋಡಲಿಲ್ಲ, ಹೊರಗಿನ ಕರೀ ಗುಂಡನ್ನಷ್ಟೇ ನೋಡಿದೆವು.

ಆದರೆ ಬಾಳೂರಿನಲ್ಲಿ ಇದು ಹೇಗೆ ಬಂತು? ನಮ್ಮ ಗುಡ್ಡದ ಕಲ್ಲು ಮುನ್ನೂರು ಕೋಟಿ ವರ್ಷ ಹಳೆಯದು. ಅದು ಗಟ್ಟಿಯಾದಾಗ ಚಿಪ್ಪಿರುವ ಪ್ರಾಣಿ ಭೂಮಿಯ ಮೇಲೆ ಒಂದೂ ಇರಲಿಲ್ಲ. ಅಲ್ಲಿ ಅಮೋನೈಟ್ ಸಿಗಲು ಸಾಧ್ಯವೇ ಇಲ್ಲ. ಆ ಹೋಳು ನನಗೆ ಬೇಕು. ಇನ್ನೊಂದು ಹೋಳು ಎಲ್ಲಿ?

ಇನ್ನು ನೀನು ಬರದೇ ಇರುವ ವಿಷಯ. ನಾನು ಈ ಕಾಲೇಜಿಗೆ ಸೇರಿ ಹನ್ನೊಂದು ವರ್ಷ. ನನ್ನ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಅಂತ ನಿನಗೆ ಗೊತ್ತಿಲ್ಲ. ಮೊದಲು ಮನೆಯಲ್ಲಿ ಸಾಲಿಗ್ರಾಮ ಇದೆ, ದಿನಾ ನೈವೇದ್ಯ ಆಗಲೇಬೇಕು, ಬೀಗ ಹಾಕುವ ಹಾಗಿಲ್ಲ ಅಂದೆ. ಅಪ್ಪಯ್ಯ ಹೋದ ಮೇಲೆ ನೀನೇ ಅದನ್ನು ಕಳಸದಲ್ಲಿ ಭದ್ರೆಗೆ ಬಿಟ್ಟು ಬಂದೆ. ಇನ್ನಾದರೂ ಬರುತ್ತೀಯ ಅಂದುಕೊಂಡೆ. ಈಗ ಇನ್ನೊಂದು ಕಲ್ಲು ಅಡ್ಡ ಬಂತಾ?

ನಿನ್ನ,
ವಾರಿಜ


ಬಾಳೂರು
೩ ಜೂನ್ ೧೯೯೮

ಚಿ. ವಾರಿಜಳಿಗೆ ಆಶೀರ್ವಾದ.

ಸಣ್ಣದಾಗಿ ಬರೆ ಅಂದರೆ ಪಾಠ ಮಾಡಿ ಕಳಿಸಿದ್ದೀಯ. ಇನ್ನೊಂದು ಹೋಳಿನ ವಿಷಯ ನನಗೆ ಗೊತ್ತಿಲ್ಲ, ಮಣ್ಣಿನಲ್ಲೇ ಎಲ್ಲೋ ಹೋಗಿರಬೇಕು.

ಇಲ್ಲಿಯ ಕತೆ ಕೇಳು. ಗುಂಡಿಯ ಮೇಲೆ ನಾಲ್ಕು ಕಂಬ ನಿಲ್ಲಿಸಿ ತಗಡು ಹಾಕಿಸಿದ್ದಾರೆ. ಮಳೆ ಶುರುವಾಗಿದೆ, ತಗಡು ಸೋರುತ್ತದೆ, ಕಲ್ಲಿನ ಮೇಲೆ ಸುಬ್ಬಣ್ಣ ಭಾವ ಒಂದು ಕೊಡೆ ಬೇರೆ ಕಟ್ಟಿಸಿದ್ದಾರೆ. ಮಲ್ಲಂದೂರಿನಿಂದೆಲ್ಲ ಜೀಪು ಮಾಡಿಕೊಂಡು ಜನ ಬರುತ್ತಿದ್ದಾರೆ. ಬಂದವರೆಲ್ಲ ನಾನು ನೆಟ್ಟ ಗಿಡದ ಮೇಲೇ ಕಾಲಿಡಬೇಕಾ? ನಲವತ್ತು ಸಸಿ ನೆಲಸಮ. ಯಾರನ್ನು ಬೈಯಲಿ? ಎಲ್ಲರೂ ಕೈಮುಗಿದುಕೊಂಡೇ ತುಳಿಯುತ್ತಾರೆ.

ಆ ಅರ್ಧ ಎಕರೆಯಲ್ಲಿ ಗುಡಿ ಕಟ್ಟಬೇಕಂತೆ. ಶ್ರಾವಣದಲ್ಲಿ ಶಂಕುಸ್ಥಾಪನೆ. ಜಾಗ ನನ್ನ ಹೆಸರಿನಲ್ಲಿದೆಯಲ್ಲ, ಒಂದು ಸಹಿ ಹಾಕಿ ಬಿಡು ಅನ್ನುತ್ತಾರೆ. ಅಷ್ಟೇ ಆಗಿದ್ದರೆ ಹೇಗೋ ಸಹಿಸುತ್ತಿದ್ದೆ. ದೇವರು ನಿನ್ನ ತೋಟದಲ್ಲಿ ಎದ್ದಿದ್ದಾನೆ ವಿಮಲಾ, ನೈವೇದ್ಯ ನಿನ್ನ ಮನೆಯಿಂದಲೇ ಆಗಬೇಕು, ಒಂದು ದಿನವೂ ತಪ್ಪುವ ಹಾಗಿಲ್ಲ ಅಂದರು. ಮೂವತ್ತಮೂರು ವರ್ಷ ಒದ್ದೆ ಸೀರೆಯಲ್ಲಿ ಒಲೆ ಮುಂದೆ ನಿಂತಿದ್ದೇನೆ. ತಿಂಗಳ ಮೂರು ದಿನ ನಿನ್ನ ದೊಡ್ಡಮ್ಮ ನಂಜಕ್ಕ ಬಂದು ಮಾಡುತ್ತಿದ್ದಳು, ಅದೊಂದೇ ರಜೆ. ಎರಡು ವರ್ಷ ತಪ್ಪಿಸಿಕೊಂಡಿದ್ದೆ. ಮತ್ತೆ ಕೈಗೆ ಸೌಟು ಕೊಟ್ಟರು.

ನಿನ್ನೆಯಿಂದ ಬೇಯಿಸುತ್ತಿದ್ದೇನೆ. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಅಮ್ಮ


ಧಾರವಾಡ
೧೧ ಜೂನ್ ೧೯೯೮

ಅಮ್ಮಾ,

ಬಾಯಿ ಬರಲಿಲ್ಲ ಅಂದರೆ ಏನು? ತೋಟ ನಿನ್ನದು, ಹೆಸರು ನಿನ್ನದು.

ಇದರ ಜೊತೆ ದೊಡ್ಡಪ್ಪನಿಗೆ ಒಂದು ಕಾಗದ ಇಟ್ಟಿದ್ದೇನೆ. ಮರ್ಯಾದೆಯಿಂದಲೇ ಬರೆದಿದ್ದೇನೆ, ಹೆದರಬೇಡ. ಈ ವಸ್ತು ಹದಿನೈದು ಕೋಟಿ ವರ್ಷ ಹಳೆಯ ಸಮುದ್ರಜೀವಿಯದು, ಮಂಗಳೂರಿನ ಕಡೆ ತಿನ್ನುವ ಬೊಂಡಾಸ್ ಮೀನಿನ ದೂರದ ಸಂಬಂಧಿ, ಬಾಳೂರಿನ ಮಣ್ಣಿನಲ್ಲಿ ಹುಟ್ಟುವುದು ಅಸಾಧ್ಯ, ಆದ್ದರಿಂದ ದಯವಿಟ್ಟು ಗುಡಿಯ ವಿಚಾರ ಬಿಡಿ ಅಂತ. ಒಂದನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ಹಾಗಿದೆ. ಡಾಕ್ಟರೇಟ್ ಸಮೇತ ಸಹಿ ಹಾಕಿದ್ದೇನೆ, ಅದಕ್ಕಾದರೂ ಬೆಲೆ ಕೊಡಲಿ.

ವಾರಿಜ


ಬಾಳೂರು
೨೮ ಜೂನ್ ೧೯೯೮

ಚಿ. ವಾರಿಜಳಿಗೆ,

ನಿನ್ನ ಡಾಕ್ಟರೇಟಿಗೆ ಬೆಲೆ ಕೊಟ್ಟಿದ್ದಾರೆ. ಎಷ್ಟು ಅಂದರೆ ಬೋರ್ಡ್ ಬರೆಸಿ ತಗಡಿನ ಮುಂದೆ ನೇತುಹಾಕಿದ್ದಾರೆ. ಓದುತ್ತೇನೆ ಕೇಳು:

'ಹದಿನೈದು ಕೋಟಿ ವರ್ಷಗಳಷ್ಟು ಪುರಾತನ. ಬಾಳೂರಿನ ಮಣ್ಣಿನಲ್ಲಿ ಹುಟ್ಟುವುದು ಅಸಾಧ್ಯ. — ಡಾ. ವಾರಿಜಾ, ವಿಜ್ಞಾನಿ, ಧಾರವಾಡ.'

ನಿನ್ನ ಕಾಗದವನ್ನು ಭಾವ ಜನ ಸೇರಿಸಿ ಗಟ್ಟಿಯಾಗಿ ಓದಿದರು. ಅಸಾಧ್ಯ ಅನ್ನುವ ಕಡೆ ನಿಲ್ಲಿಸಿ ಕನ್ನಡಕ ತೆಗೆದು ಎಲ್ಲರ ಮುಖ ನೋಡಿದರು. ಕೇಳಿದಿರಾ, ವಿಜ್ಞಾನಕ್ಕೇ ಅಸಾಧ್ಯವಂತೆ, ಆದರೂ ಬಂದಿದೆ, ಇದಕ್ಕಿಂತ ದೊಡ್ಡ ಪವಾಡ ಬೇಕಾ ಅಂದರು. ಪಾಪಮ್ಮ ಅತ್ತುಬಿಟ್ಟಳು. ಮೀನಿನ ಸಾಲು ಬಂದಾಗ ಮಾತ್ರ ಸ್ವಲ್ಪ ತಡವರಿಸಿದರು. ಅಷ್ಟರಲ್ಲಿ ಭಟ್ಟರು, ಮೀನು ಅಂದರೆ ಮತ್ಸ್ಯಾವತಾರ, ಮೊದಲನೇ ಅವತಾರವೇ ಅದು ಅಂತ ಹೇಳಿ ದಡ ಸೇರಿಸಿದರು. ಗುಡಿಯ ವಿಚಾರ ಬಿಡಿ ಅನ್ನುವ ಸಾಲನ್ನು ಓದಲೇ ಇಲ್ಲ.

ಈಗ ಮೂಡಿಗೆರೆಯಿಂದಲೂ ಜನ ಬರುತ್ತಿದ್ದಾರೆ. ನಿನ್ನ ಹೆಸರು ಓದಿ ನನ್ನ ಕಾಲಿಗೂ ನಮಸ್ಕಾರ ಮಾಡುತ್ತಾರೆ. ಅವರಿಗೆಲ್ಲ ಕಾಫಿ ಯಾರು ಮಾಡುವುದು? ನಾನೇ. ನಿನ್ನಿಂದ ಭಾರೀ ಉಪಕಾರವಾಯಿತು.

ಇನ್ನು ಮೇಲೆ ಯಾರಿಗೂ ಏನೂ ಬರೆಯಬೇಡ. ಕೈಮುಗಿದು ಹೇಳುತ್ತೇನೆ.

ಅಮ್ಮ


ಧಾರವಾಡ
೬ ಜುಲೈ ೧೯೯೮

ಅಮ್ಮಾ,

ಆ ಬೋರ್ಡಿನ ಫೋಟೋ ಯಾವುದೋ ಪೇಪರಿನಲ್ಲಿ ಬಂದು ನಮ್ಮ ಸ್ಟಾಫ್ ರೂಮಿನ ಮೇಜಿನ ಮೇಲೂ ಬಂತು. ನಮ್ಮ ಪ್ರಿನ್ಸಿಪಾಲರು, ಏನ್ರೀ ವಾರಿಜಾ ಮೇಡಂ, ಪವಾಡಕ್ಕೆ ಸರ್ಟಿಫಿಕೇಟ್ ಕೊಡೋಕೆ ಶುರು ಮಾಡಿದ್ರಾ ಅಂದರು. ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಹದಿನಾರು ವರ್ಷ ಕಲ್ಲು ಓದಿ ನಾನು ಸಂಪಾದಿಸಿದ ಹೆಸರು ತಗಡಿಗೆ ನೇತುಬಿದ್ದಿದೆ.

ಅಸಾಧ್ಯ ಅಂದರೆ ಪವಾಡ ಅಂತ ಅಲ್ಲ. ಯಾರೋ ತಂದು ಹಾಕಿದ್ದಾರೆ ಅಂತ. ಇದು ಯಾಕೆ ಯಾರ ತಲೆಗೂ ಹೋಗುತ್ತಿಲ್ಲ? ಯಾರು ಹಾಕಿದರು ಅಂತ ನಾನು ಹೇಳುತ್ತೇನೆ. ದೊಡ್ಡಪ್ಪ. ಆ ಅರ್ಧ ಎಕರೆ ಅವರ ಗದ್ದೆಯ ದಾರಿಗೆ ಅಡ್ಡ ಇದೆ, ಅಪ್ಪಯ್ಯ ಇರುವಾಗಲೇ ಅದರ ಮೇಲೆ ಕಣ್ಣಿತ್ತು. ಕಾಶಿಗೆ ಹೋಗಿಬಂದವರ ಹತ್ತಿರ ಒಂದು ಕಲ್ಲು ತರಿಸಿ ಹೂತಿಟ್ಟು, ಶೇಷಪ್ಪನಿಗೆ ಹೇಳಿ ಸಾಲು ಎಳೆಸಿದ್ದಾರೆ. ನೀನು ಕೊಟ್ಟಿಗೆಹಾರಕ್ಕೆ ಹೋದ ದಿನವೇ ಅದು ಸಿಕ್ಕಿತು ಅನ್ನುವಾಗಲೇ ನನಗೆ ಅನುಮಾನ ಬರಬೇಕಿತ್ತು.

ತಹಸೀಲ್ದಾರರಿಗೆ ಅರ್ಜಿ ಬರೆದಿಟ್ಟಿದ್ದೇನೆ. ಅದೇ ಪೇಪರಿಗೂ ಒಂದು ಪ್ರತಿ. ದೊಡ್ಡಪ್ಪನ ಹೆಸರು ಹಾಕಿಯೇ ಬರೆದಿದ್ದೇನೆ. ಇಪ್ಪತ್ತನೇ ತಾರೀಕು ಪೋಸ್ಟ್ ಮಾಡುತ್ತೇನೆ. ನಿನ್ನ ಸಹಿ ಬೇಡ. ನೀನು ಹೇಗೂ ಅವರ ಎದುರು ಬಾಯಿ ಬಿಡುವವಳಲ್ಲ.

ವಾರಿಜ


ಬಾಳೂರು
೧೩ ಜುಲೈ ೧೯೯೮

ವಾರಿಜಾ,

ಆ ಅರ್ಜಿ ಪೋಸ್ಟ್ ಮಾಡಬೇಡ. ಭಾವ ಹಾಕಿದ್ದಲ್ಲ. ನಾನು ಹಾಕಿದ್ದು.

ಅದು ನಮ್ಮ ಮನೆಯದೇ. ನೀನು ಚಿಕ್ಕವಳಿದ್ದಾಗ ತೀರ್ಥ ತೆಗೆದುಕೊಳ್ಳುತ್ತಿದ್ದೆಯಲ್ಲ, ಅದೇ ಕರೀ ಗುಂಡು. ಒಳಗೆ ಚಕ್ರ ಇದೆ ಅಂತ ಯಾರಿಗೆ ಗೊತ್ತಿತ್ತು? ಹಾಗಾಗಿ ಯಾರಿಗೂ ಗುರುತು ಸಿಗಲಿಲ್ಲ.

ನಿನ್ನ ಅಪ್ಪಯ್ಯ ಹೋದ ಮೇಲೆ ಒಂದು ವರ್ಷ ಭಟ್ಟರು ದಿನಾ ಬಂದು ಪೂಜೆ ಮಾಡಿದರು, ನಾನು ಬೇಯಿಸಿದೆ. ವರ್ಷದ ತಿಥಿ ಮುಗಿಯಿತು. ಇನ್ನು ನೀವು ಹಿರಿಯರು, ನಿಮ್ಮ ಮನೆಗೆ ತೆಗೆದುಕೊಂಡು ಹೋಗಿ ಅಂತ ಭಾವನಿಗೆ ಹೇಳಿದೆ. ನಂಜಕ್ಕನಿಗೆ ಮಂಡಿ ನೋವು, ಆಮೇಲೆ ನೋಡೋಣ ಅಂದರು. ಅವರು ಕಣ್ಣಿನ ಆಪರೇಷನ್ನಿಗೆ ಮಂಗಳೂರಿಗೆ ಹೋದ ವಾರ ನಾನು ಕೊಟ್ಟಿಗೆಹಾರದ ರಜಬ್ ಅಲಿಯವರ ಜೀಪು ಮಾಡಿಕೊಂಡು ಕಳಸಕ್ಕೆ ಹೊರಟೆ. ಹೊಳೆಗೆ ಬಿಡುವುದಕ್ಕೇ ಹೋದದ್ದು, ಅದು ಸುಳ್ಳಲ್ಲ. ಹೊಳೆ ದಡದಲ್ಲಿ ಅರ್ಧ ಗಂಟೆ ನಿಂತೆ. ಹೂವು ಅರಿಶಿನ ಎಲ್ಲ ಕೈಯಲ್ಲಿತ್ತು. ಆದರೆ ಹಾಗೆ ಬಿಡುವುದು ಅಂದರೆ ಅದಕ್ಕೆ ಮರ್ಯಾದೆ ಕೊಟ್ಟು ಕಳಿಸಿದ ಹಾಗೆ. ಮರ್ಯಾದೆ ಕೊಡುವ ಮನಸ್ಸು ನನಗಿರಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ವಾಪಸ್ ಬಂದೆ. ರಜಬ್ ಅಲಿ ಒಂದು ಮಾತು ಕೇಳಲಿಲ್ಲ. ಸಂಜೆ ಹಾಲುವಾಣದ ಬುಡದಲ್ಲಿ ಅಗೆದು ಹೂತೆ. ಮೇಲೆ ಕಾಲಲ್ಲಿ ತುಳಿದು ಮಣ್ಣು ಗಟ್ಟಿ ಮಾಡಿದೆ. ಹೌದು, ಕಾಲಲ್ಲೇ.

ಇನ್ನೊಂದು ಹೋಳು ಪಾಪಮ್ಮ ತೆಗೆದ ಮಣ್ಣಿನ ರಾಶಿಯಲ್ಲಿ ನನಗೆ ಸಿಕ್ಕಿತು. ಅಕ್ಕಿ ಡಬ್ಬದಲ್ಲಿದೆ. ಹೊರಗಿನ ಮೂರು ಬಿಳಿ ಗೆರೆ ಅದರ ಮೇಲೆ ಹಾಗೇ ಇದೆ. ಭಾವ ಕಂಡರೆ ತಕ್ಷಣ ಗುರುತು ಹಿಡಿಯುತ್ತಾರೆ.

ಯಾಕೆ ಅಷ್ಟು ಸಿಟ್ಟು ಅಂತ ಕೇಳಬೇಡ. ಊರಿಗೆ ಗೊತ್ತಾದರೆ ನನ್ನನ್ನು ಏನಂತಾರೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮಾಡದ ತಪ್ಪಿಗೆ ಭಾವನ ಹೆಸರು ಪೇಪರಿನಲ್ಲಿ ಬರುವುದು ಬೇಡ.

ಅಮ್ಮ


ಧಾರವಾಡ
೫ ಆಗಸ್ಟ್ ೧೯೯೮

ಅಮ್ಮಾ,

ಅರ್ಜಿ ಹರಿದು ಹಾಕಿ ಇಪ್ಪತ್ತು ದಿನ ಆಯಿತು. ನಿನಗೆ ಬರೆಯಲು ಕೂತು ಮೂರು ಇನ್‌ಲ್ಯಾಂಡ್ ಹಾಳು ಮಾಡಿದೆ.

ನಿನ್ನ ಮೇಲೆ ನನಗೂ ಸಿಟ್ಟಿದೆ. ನನಗೆ ಹಾಸ್ಟೆಲಿನಲ್ಲಿ ಟೈಫಾಯ್ಡ್ ಆದಾಗ ನೀನು ಬರಲಿಲ್ಲ, ಡಾಕ್ಟರೇಟ್ ಬಂದ ದಿನ ಬರಲಿಲ್ಲ. ಅಮ್ಮನಿಗೆ ಮಗಳಿಗಿಂತ ಆ ಕಲ್ಲೇ ಹೆಚ್ಚು ಅಂತ ಇಷ್ಟು ವರ್ಷ ನಂಬಿಕೊಂಡು ಬಂದೆ. ಆ ಕಲ್ಲು ನಿನಗೂ ಬೇಡವಾಗಿತ್ತು ಅಂತ ಒಂದೇ ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನೀನೊಬ್ಬಳು. ಹೊಟ್ಟೆಯಲ್ಲಿ ಇಟ್ಟುಕೊಂಡೇ ಸಾಯುತ್ತೀಯ.

ಒಂದು ವಿಷಯ ಮಾತ್ರ ತಿಳಿದುಕೋ. ಈಗ ನಾನು ಏನು ಬರೆದರೂ ಅದನ್ನೂ ಬೋರ್ಡಿಗೆ ಹಾಕುತ್ತಾರೆ. ವಿಜ್ಞಾನದಿಂದ ಇದು ನಿಲ್ಲುವುದಿಲ್ಲ. ನೀನು ಬಾಯಿ ಬಿಟ್ಟರೆ ನಿಲ್ಲುತ್ತದೆ. ಬಿಡದಿದ್ದರೆ ಗುಡಿ ಏಳುತ್ತದೆ, ನೀನು ಸಾಯುವ ತನಕ ಅದರ ಅನ್ನ ಬೇಯಿಸುತ್ತೀಯ. ಜನ ಏನಾದರೂ ಅಂದುಕೊಳ್ಳಲಿ ಅಂತ ನಾನು ಇಲ್ಲಿ ಕೂತು ಸುಲಭವಾಗಿ ಬರೆಯಬಹುದು, ಅವರ ಮಧ್ಯೆ ಬದುಕುವವಳು ನೀನು. ನಿನಗೆ ಬಿಟ್ಟದ್ದು.

ಕಲ್ಲಿನ ಆಸೆ ನನಗೆ ಬಹಳ ಇತ್ತು. ಎರಡೂ ಹೋಳು ಕೂಡಿ ಸಿಗುವುದು ಅಪರೂಪ. ಈಗ ಬೇಡ. ಯಾರಾದರೂ ಇಟ್ಟುಕೊಳ್ಳಲಿ. ನೀನು ಬಾ.

ವಾರಿಜ


ಬಾಳೂರು
೧೯ ಆಗಸ್ಟ್ ೧೯೯೮

ಚಿ. ವಾರಿಜಳಿಗೆ ಅಮ್ಮನ ಆಶೀರ್ವಾದ.

ಭಾನುವಾರ ತಗಡಿನ ಕೆಳಗೆ ಸಭೆ ಸೇರಿತ್ತು. ಶಂಕುಸ್ಥಾಪನೆಗೆ ದಿನ ನೋಡುವುದಕ್ಕೆ. ಭಟ್ಟರು ಪಂಚಾಂಗ ಬಿಚ್ಚಿದ್ದರು. ನಾನು ನೈವೇದ್ಯದ ಅನ್ನ ತರುವ ತಟ್ಟೆಯಲ್ಲಿ ಅನ್ನದ ಬದಲು ಆ ಹೋಳು ಇಟ್ಟುಕೊಂಡು ಹೋದೆ. ಹೆಜ್ಜೆ ಇಟ್ಟಾಗೆಲ್ಲ ಹೋಳು ತಟ್ಟೆಯಲ್ಲಿ ಕಟಕಟ ಅಂತಿತ್ತು. ಪೂಜೆಗೆ ಇಟ್ಟಿದ್ದ ಹೋಳು ತೆಗೆದು ಇದರ ಜೊತೆ ಕೂಡಿಸಿ ಭಾವನ ಕೈಯಲ್ಲಿಟ್ಟೆ.

ಅವರು ಪಂಚೆಯ ತುದಿಯಿಂದ ಮಣ್ಣು ಒರೆಸಿದರು. ಮೂರು ಬಿಳಿ ಗೆರೆ ಕಂಡವು. ಇದು ನಮ್ಮಪ್ಪ ಪೂಜೆ ಮಾಡ್ತಿದ್ದದ್ದು ಅಂದರು. ಹೌದು ಭಾವ, ಇಲ್ಲಿ ಹೂತದ್ದು ನಾನೇ ಅಂದೆ. ಪಾಪಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಯಾರೋ ಹಿಂದಿನಿಂದ ಶಿವ ಶಿವಾ ಅಂದರು. ಇಬ್ಬರು ಎದ್ದು ಚಪ್ಪಲಿ ಹಾಕಿಕೊಂಡು ಹೊರಟೇ ಹೋದರು.

ಭಾವ ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಹೊಳೆಗಾದರೂ ಬಿಡಬಹುದಿತ್ತಲ್ಲ ವಿಮಲಾ, ಮಣ್ಣಿಗೆ ಯಾಕೆ ಹಾಕಿದೆ ಅಂತ ಕೇಳಿದರು. ಮೆತ್ತಗೆ ಕೇಳಿದ್ದಕ್ಕೆ ನನಗೆ ತಡೆಯಲಾಗಲಿಲ್ಲ. ನಿನಗೂ ಹೇಳದ್ದನ್ನು ಅಷ್ಟು ಜನರ ಮುಂದೆ ಹೇಳಿಬಿಟ್ಟೆ.

ನಿನಗೆ ಆಗ ನಾಲ್ಕು ವರ್ಷ. ತೀರ್ಥಹಳ್ಳಿಯಲ್ಲಿ ನನ್ನಮ್ಮನಿಗೆ ಕಾಯಿಲೆ ಜೋರಾಗಿದೆ, ವಿಮಲಾ ವಿಮಲಾ ಅಂತಿದ್ದಾರೆ ಅಂತ ಬೆಳಿಗ್ಗೆ ಏಳು ಗಂಟೆಗೆ ಆಳು ಬಂದ. ಕೊಪ್ಪದ ಬಸ್ಸು ಹತ್ತಕ್ಕೆ. ನಿನ್ನ ಅಪ್ಪಯ್ಯ, ನೈವೇದ್ಯ ಮುಗಿಸಿ ಹೋಗು ಅಂದರು. ಅವತ್ತೂ ಅವರು ಒಂದು ಮಂತ್ರ ಬಿಡಲಿಲ್ಲ. ಅನ್ನದ ಪಾತ್ರೆ ಹಿಡಿದು ದೇವರ ಕೋಣೆಯ ಬಾಗಿಲಲ್ಲಿ ನಿಂತೇ ಇದ್ದೆ. ಕೆಳಗೆ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು, ಹೋಯಿತು. ಮುಂದಿನ ಬಸ್ಸು ಎರಡೂವರೆಗೆ. ನಾನು ತಲುಪಿದಾಗ ಅಮ್ಮನನ್ನು ತೆಗೆದುಕೊಂಡು ಹೋಗಿಯಾಗಿತ್ತು. ಅಂಗಳ ತೊಳೆದಿದ್ದರು. ಮುಖ ನೋಡಲಿಲ್ಲ ವಾರಿಜಾ. ಮೂರು ದಿನದ ಸೂತಕ ಕಳೆದ ಮಾರನೇ ಬೆಳಿಗ್ಗೆಯೇ ನಿನ್ನ ಅಪ್ಪಯ್ಯ, ನಂಜಕ್ಕ ಎಷ್ಟು ದಿನ ಅಂತ ಮಾಡುತ್ತಾಳೆ, ಬಾ ಅಂತ ಹೇಳಿ ಕಳಿಸಿದರು. ಬಂದೆ. ಬಂದು ಇಪ್ಪತ್ತೇಳು ವರ್ಷ ಮತ್ತೆ ಬೇಯಿಸಿದೆ.

ಅವತ್ತು ಭಾವನೂ ಜಗುಲಿಯಲ್ಲೇ ಕೂತಿದ್ದರು, ಅವರಿಗೆ ನೆನಪಾಗಿರಬೇಕು. ತಲೆ ಎತ್ತಲಿಲ್ಲ.

ಭಟ್ಟರು ಪಂಚಾಂಗ ಮಡಿಸಿ, ಸಾಲಿಗ್ರಾಮ ಒಡೆದರೂ ಪೂಜೆಗೆ ಅಡ್ಡಿಯಿಲ್ಲ, ಮನೆತನದ್ದು ಅಂದ ಮೇಲೆ ಗುಡಿ ಬೇಕಾಗಿಲ್ಲ, ಹಿರಿಯರ ಮನೆಯಲ್ಲಿ ಇರಲಿ ಅಂದರು. ಭಾವ ಎರಡೂ ಹೋಳನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ನಂಜಕ್ಕನ ಕಡೆ ತಿರುಗಿ, ನಾಳೆಯಿಂದ ನಮ್ಮ ಮನೆಯಲ್ಲಿ ನೈವೇದ್ಯ ಅಂದರು. ಮೂವತ್ತೈದು ವರ್ಷದಲ್ಲಿ ಗಂಡನ ಎದುರು ನಂಜಕ್ಕ ದನಿ ಎತ್ತಿದ್ದು ನಾನು ಕೇಳಿಲ್ಲ. ಅವತ್ತೂ ಎತ್ತಲಿಲ್ಲ. ಸಣ್ಣ ದನಿಯಲ್ಲೇ ಹೇಳಿದಳು: ಶುಕ್ರವಾರ ನಾನು ವಿಮಲಳ ಜೊತೆ ಧಾರವಾಡಕ್ಕೆ ಹೋಗ್ತಿದ್ದೇನೆ, ನನಗೆ ಆಗುವುದಿಲ್ಲ. ಈ ವಿಷಯ ನನಗೂ ಆಗಲೇ ಗೊತ್ತಾದದ್ದು. ನಾನು ಇನ್ನೂ ದಿನವೇ ಗೊತ್ತುಮಾಡಿರಲಿಲ್ಲ. ಹೌದು ಅಂದುಬಿಟ್ಟೆ.

ಹೀಗಾಗಿ ನಿನಗೆ ಇಬ್ಬರು ನೆಂಟರು. ದೊಡ್ಡಮ್ಮನಿಗೆ ಮಂಡಿ ಬಗ್ಗುವುದಿಲ್ಲ, ಮಂಚ ಅವಳಿಗೆ ಬಿಡು, ನನಗೆ ನೆಲವೇ ಆಗುತ್ತದೆ. ಬೋರ್ಡನ್ನು ಶೇಷಪ್ಪ ಇಳಿಸಿದ, ಅದು ಕೋಳಿಗೂಡಿನ ಹಿಂಬದಿಗೆ ಆಗುತ್ತದಂತೆ, ಒಯ್ದಿದ್ದಾನೆ. ಊರಲ್ಲಿ ಕೆಲವರು ನನ್ನ ಜೊತೆ ಮಾತಾಡುತ್ತಿಲ್ಲ. ಕಾಫಿ ಮಾಡುವ ಕೆಲಸ ಅಷ್ಟು ಕಡಿಮೆಯಾಯಿತು.

ಇವತ್ತು ಬೆಳಿಗ್ಗೆ ಭಾವ ಒದ್ದೆ ಪಂಚೆಯಲ್ಲಿ ಅಂಗಳಕ್ಕೆ ಬಂದು, ಒಂದು ಪಾವು ಅಕ್ಕಿಗೆ ಎಷ್ಟು ನೀರು ಅಂತ ಕೇಳಿದರು. ಹೇಳಿದೆ. ಮತ್ತೆ ಬಂದು, ಉಕ್ಕುತ್ತಾ ಇದೆ, ಏನು ಮಾಡಲಿ ಅಂದರು. ಅದನ್ನೂ ಹೇಳಿದೆ. ಹೋಗುವಾಗ ಬಾಗಿಲ ಹತ್ತಿರ ನಿಂತು, ಶುಕ್ರವಾರ ನೈವೇದ್ಯ ಆಗುವ ತನಕ ಇಬ್ಬರೂ ಇರಿ, ಪ್ರಸಾದ ತೆಗೆದುಕೊಂಡು ಹೊರಡಿ ಅಂದರು. ನಮ್ಮ ಬಸ್ಸು ಎಂಟೂವರೆಗೆ. ಕಾಯುವುದಿಲ್ಲ ಅಂದೆ.

ಇಂತಿ,
ಅಮ್ಮ